ಎತ್ತು ಎಳೆಯಬೇಕೆ, ತಳ್ಳಬೇಕೆ?

ಗಜೇಂದ್ರಗಡದಿಂದ ನರಗುಂದಕ್ಕೆ ಹೊರಟ ದಾರಿಯಲ್ಲಿ ಎರಡು ಇಟಾಲಿಯನ್ ಕಾರುಗಳು, ಒಂದು ಹಳೆಯ ಚಕ್ಕಡಿ

ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಸುಮ್ಮನೆ ನಿಂತು ನೋಡಿದರೂ ಸಾಕು, ವಾಹನಗಳ ಒಂದು ಜಾತ್ರೆಯೇ ಕಣ್ಣಿಗೆ ಬೀಳುತ್ತದೆ. ಶಾಲೆಯ ಮಕ್ಕಳನ್ನು ತುಂಬಿಕೊಂಡ ಟಂಟಂ, ಜೋಳದ ಚೀಲ ಹೊತ್ತ ಟ್ರ್ಯಾಕ್ಟರ್ ಟ್ರೇಲರ್, ಬಣ್ಣ ಮಾಸಿದ ಮಾರುತಿ ಓಮ್ನಿ, ಕಾಯಿಪಲ್ಲೆ ತಂದ 'ಚೋಟಾ ಹಾತಿ'. ಆನೆಯ ಹೆಸರು ಹೊತ್ತ ಊರಿನಲ್ಲಿ ಮರಿಯಾನೆಯ ಹೆಸರಿನ ವಾಹನ! ಇವೆಲ್ಲದರ ಹಿಂದೆ, ಊರಿಗೆ ಬೆನ್ನು ಕೊಟ್ಟಂತೆ ನಿಂತಿರುವುದು ಕೋಟೆಯ ಗುಡ್ಡ. ಸುತ್ತಲಿನ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ರೆಕ್ಕೆ ತಿರುಗಿಸುತ್ತಿರುತ್ತವೆ.

ರೋಣಕ್ಕೆ ಹೊರಟ ಬಸ್ಸಿನಲ್ಲಿ ಹೈಸ್ಕೂಲು ಓದುವ ಹುಡುಗನೊಬ್ಬ ಕಿಟಕಿಯ ಪಕ್ಕ ಕುಳಿತಿದ್ದಾನೆ. ಪಕ್ಕದಲ್ಲಿ ಅವನ ಅಜ್ಜ. ಇಬ್ಬರೂ ಹೊರಟಿರುವುದು ನರಗುಂದದ ಆಚೆಯ ತಮ್ಮ ಹಳ್ಳಿಗೆ. ಅಲ್ಲಿ ಹಳೆಯ ಚಕ್ಕಡಿಯೊಂದು ಎತ್ತಿಲ್ಲದೆ ನಿಂತು ವರ್ಷಗಳಾಗಿವೆ. ಅದರ ಗಾಲಿಗಳನ್ನು ಕೊಳ್ಳಲು ಪಟ್ಟಣದಿಂದ ಯಾರೋ ಬರುವವರಿದ್ದಾರೆ. ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕೆ ಬೇಕಂತೆ.

ಹುಡುಗನ ಕೈಯಲ್ಲಿ ಅಪ್ಪನ ಮೊಬೈಲ್. ಅದರ ಪರದೆಯ ಮೇಲೆ ಎರಡು ಕಾರುಗಳ ಚಿತ್ರ. ಒಂದು ಲ್ಯಾಂಬೋರ್ಗಿನಿ ಮಿಯೂರಾ, ಇನ್ನೊಂದು ಡೀನೋ. ಎರಡರಲ್ಲಿ ಯಾವುದು ಹೆಚ್ಚು ಎಂಬುದು ಅವನ ತರಗತಿಯಲ್ಲಿ ನಡೆದಿರುವ ದೊಡ್ಡ ಜಗಳ. ಅಜ್ಜ ಕನ್ನಡಕ ಏರಿಸಿ ನೋಡುತ್ತಾನೆ.

"ಮುಂದ ಎಂಜಿನ್ ಕಾಣವಲ್ದಲ್ಲೋ ತಮ್ಮಾ?"

"ಮುಂದ ಇಲ್ಲ ಅಜ್ಜಾ. ನಡುವ ಐತಿ. ಡ್ರೈವರನ ಬೆನ್ನ ಹಿಂದ."

"ಹಂಗಾರ ಅದು ಗಾಡಿ ಎಳಿಯೂದಿಲ್ಲ, ತಳ್ಳತೈತಿ" ಎಂದು ಅಜ್ಜ ನಗುತ್ತಾನೆ.

ಅಜ್ಜನಿಗೆ ಗೊತ್ತಿಲ್ಲ, ಇದೇ ಮಾತು ಎಪ್ಪತ್ತು ವರ್ಷಗಳ ಹಿಂದೆ ಇಟಲಿಯಲ್ಲಿ ಹುಟ್ಟಿ ಕಾರುಗಳ ಚರಿತ್ರೆಯಲ್ಲಿ ಉಳಿದುಬಿಟ್ಟಿದೆ ಎಂದು.

ಮೂರು ಊರು, ಒಂದು ಗೆರೆ

ಗದಗ ಜಿಲ್ಲೆಯ ನಕ್ಷೆಯ ಮೇಲೆ ಒಂದು ಸ್ಕೇಲು ಇಟ್ಟು ನೋಡಿ. ಗಜೇಂದ್ರಗಡ, ರೋಣ, ನರಗುಂದ ಈ ಮೂರೂ ಹೆಚ್ಚೂಕಡಿಮೆ ಒಂದೇ ಅಕ್ಷಾಂಶದ ಮೇಲೆ ಬರುತ್ತವೆ. ಪೂರ್ವಕ್ಕೆ ಗಜೇಂದ್ರಗಡದ ಗುಡ್ಡ, ಪಶ್ಚಿಮಕ್ಕೆ ನರಗುಂದದ ಗುಡ್ಡ, ನಡುವೆ ರೋಣದ ಎರೆಬಯಲು. ಎರಡು ತುದಿಗೆ ಎರಡು ಕೋಟೆ, ನಡುವೆ ಜೋಳ, ಕಡಲೆ, ಹತ್ತಿ ಬೆಳೆಯುವ ಕಪ್ಪು ನೆಲ.

ಈ ಎರಡು ಕೋಟೆಗಳಿಗೂ ತಮ್ಮದೇ ಕಥೆಗಳಿವೆ. 1787ರಲ್ಲಿ ಟಿಪ್ಪು ಸುಲ್ತಾನ್ ಮತ್ತು ಮರಾಠರ ನಡುವೆ ಆದ ಒಪ್ಪಂದಕ್ಕೆ ಗಜೇಂದ್ರಗಡದ್ದೇ ಹೆಸರು. ನರಗುಂದದ ಬಾಬಾಸಾಹೇಬ ಭಾಸ್ಕರರಾವ ಭಾವೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ ಸಂಗತಿ ಪಠ್ಯಪುಸ್ತಕಗಳಲ್ಲಿದೆ. ದಾರಿಯಿಂದ ಒಂದಿಷ್ಟು ಒಳಗೆ ಸೂಡಿ ಇದೆ. ಅಲ್ಲಿನ 11ನೆಯ ಶತಮಾನದ ಜೋಡುಕಳಸದ ಗುಡಿಯಲ್ಲಿ ಎದುರುಬದುರಾಗಿ ಎರಡು ಗರ್ಭಗುಡಿ, ಎರಡು ಶಿಖರ. ನಡುವಿನ ಮಂಟಪ ಎರಡಕ್ಕೂ ಒಂದೇ.

ಎರೆನೆಲದ ಗುಣ ಬಲ್ಲವರಿಗೆ ಇಲ್ಲಿನ ದಾರಿಗಳ ಕಷ್ಟವೂ ಗೊತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುವ ಮಣ್ಣು ಎರಡು ಮಳೆ ಬಿದ್ದರೆ ಗಾಲಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ಇಂತಹ ನೆಲದಲ್ಲಿ ಭಾರ ಎಲ್ಲಿ ಕೂರಬೇಕು ಎಂಬುದು ಪುಸ್ತಕದ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಚಕ್ಕಡಿಗೆ ಜೋಳದ ಕಣಿಕೆ ಹೇರುವಾಗ ಹಿರಿಯರು ದೂರ ನಿಂತು, ಕಣ್ಣಳತೆಯಲ್ಲೇ "ಮುಂಭಾರ ಆತು, ಹಿಂದಕ್ಕ ಸರಸ್ರಿ" ಎಂದು ಹೇಳುತ್ತಿದ್ದುದು ಇದೇ ಕಾರಣಕ್ಕೆ.

ಲೆಕ್ಕ ಸರಳವಾದದ್ದು. ಒಂದು ಚಕ್ಕಡಿಯಲ್ಲಿ 800 ಕಿಲೋ ಹೇರಿದೆ ಎನ್ನೋಣ. ಅಚ್ಚಿನಿಂದ ನೊಗಕ್ಕೆ 3 ಮೀಟರ್. ಹೇರಿನ ಗುರುತ್ವಕೇಂದ್ರ ಅಚ್ಚಿಗಿಂತ ಕೇವಲ 15 ಸೆಂಟಿಮೀಟರ್ ಮುಂದೆ ಬಿದ್ದರೆ, 800ನ್ನು 0.15ರಿಂದ ಗುಣಿಸಿ 3ರಿಂದ ಭಾಗಿಸಬೇಕು. ಉತ್ತರ 40 ಕಿಲೋ. ಅಂದರೆ ಒಂದು ಗೇಣಿಗಿಂತ ಕಡಿಮೆ ಅಂತರದ ತಪ್ಪಿಗೆ ಎತ್ತುಗಳ ಹೆಗಲ ಮೇಲೆ 40 ಕಿಲೋ ಹೆಚ್ಚಿನ ಹೊರೆ! ಅಷ್ಟೇ ಹಿಂದೆ ಸರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿನ ಪಟ್ಟಿ ಬಿಗಿಯುತ್ತದೆ. ಸನ್ನೆಯ ನಿಯಮವನ್ನು ಹಲಗೆಯ ಮೇಲೆ ಕಲಿಯುವ ಮೊದಲೇ ಈ ಭಾಗದ ರೈತ ಅದನ್ನು ನೊಗದ ಮೇಲೆ ಕಲಿತಿದ್ದ.

ಎಂಜಿನ್ ಎಲ್ಲಿರಬೇಕು?

ಕಾರಿಗೆ ಎಂಜಿನ್ ಮುಂದೆ ಇಡಬಹುದು, ತೀರ ಹಿಂದೆ ಇಡಬಹುದು, ಇಲ್ಲವೇ ಎರಡು ಅಚ್ಚುಗಳ ನಡುವೆ ಇಡಬಹುದು. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಚಾಲಕನ ಪಕ್ಕದ ಬಿಸಿ ಬಾನೆಟ್ಟಿನ ಕೆಳಗೆ ಎಂಜಿನ್ ಇರುವುದನ್ನು ಎಲ್ಲರೂ ನೋಡಿದ್ದಾರೆ. ದೂರದೂರಿಗೆ ಓಡುವ ದೊಡ್ಡ ಐಷಾರಾಮಿ ಬಸ್ಸುಗಳಲ್ಲಿ ಅದು ಹಿಂಬದಿಯ ತುದಿಗಿರುತ್ತದೆ. ಮೂರನೆಯ ಬಗೆಗೆ ಉದಾಹರಣೆ ಹುಡುಕಿಕೊಂಡು ಇಟಲಿಗೆ ಹೋಗಬೇಕಾಗಿಲ್ಲ. 1984ರಲ್ಲಿ ಬಂದು 2019ರಲ್ಲಿ ನಿಂತುಹೋದ ಮಾರುತಿಯ ವ್ಯಾನಿನ 796 ಸಿಸಿ ಎಂಜಿನ್ ಇದ್ದದ್ದು ಮುಂದಿನ ಸೀಟಿನ ಕೆಳಗೆ, ಮುಂದಿನ ಅಚ್ಚಿನ ಹಿಂದೆ. ಸೀಟು ಬಿಸಿಯಾಗುತ್ತದೆ ಎಂದು ಬೈದುಕೊಂಡವರು ತಾವು ಕುಳಿತದ್ದು ನಡು-ಎಂಜಿನ್ ವಾಹನದಲ್ಲಿ ಎಂದು ಎಣಿಸಿರಲಿಕ್ಕಿಲ್ಲ. ವ್ಯಾನಿನಲ್ಲಿ ಅದು ಜಾಗ ಉಳಿಸುವ ಉಪಾಯ. ಓಟದ ಕಾರಿನಲ್ಲಿ ಉದ್ದೇಶವೇ ಬೇರೆ.

ಅದನ್ನು ತಿಳಿಯಲು ಮಕ್ಕಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ಅಡಿಯ ಸ್ಕೇಲಿನ ಎರಡು ತುದಿಗೆ ಎರಡು ರಬ್ಬರುಗಳನ್ನು ದಾರದಿಂದ ಕಟ್ಟಿ, ನಡುವೆ ಹಿಡಿದು ಅತ್ತಿಂದಿತ್ತ ತಿರುಗಿಸಬೇಕು. ಆಮೇಲೆ ಅವೇ ರಬ್ಬರುಗಳನ್ನು ನಡುವಿಗೆ ಸರಿಸಿ ಮತ್ತೆ ತಿರುಗಿಸಬೇಕು. ತೂಕ ಅಷ್ಟೇ, ಆದರೆ ಎರಡನೆಯ ಸಲ ಸ್ಕೇಲು ಬೆರಳಿನ ಮಾತು ಥಟ್ಟನೆ ಕೇಳುತ್ತದೆ. ಇದನ್ನು ಭೌತಶಾಸ್ತ್ರ 'ಜಡತ್ವ ಮಹತ್ವ' ಎಂದು ಕರೆಯುತ್ತದೆ. ತೂಕವನ್ನು ದೂರದ ವರ್ಗದಿಂದ ಗುಣಿಸಬೇಕು. 200 ಕಿಲೋದ ಎಂಜಿನ್ ಕಾರಿನ ಗುರುತ್ವಕೇಂದ್ರದಿಂದ ಒಂದೂವರೆ ಮೀಟರ್ ದೂರವಿದ್ದರೆ ಗುಣಲಬ್ಧ 450. ಅರ್ಧ ಮೀಟರ್ ದೂರವಿದ್ದರೆ ಕೇವಲ 50. ದೂರ ಮೂರು ಪಟ್ಟು ತಗ್ಗಿದರೆ ತಿರುಗಲು ಒಡ್ಡುವ ವಿರೋಧ ಒಂಬತ್ತು ಪಟ್ಟು ತಗ್ಗುತ್ತದೆ.

ಇದರ ಲಾಭವನ್ನು ಜಗತ್ತಿಗೆ ಮನಗಾಣಿಸಿದ್ದು ಇಂಗ್ಲೆಂಡಿನ ಕೂಪರ್ ಎಂಬ ಚಿಕ್ಕ ಸಂಸ್ಥೆ. 1958ರ ಅರ್ಜೆಂಟೀನಾ ಗ್ರ್ಯಾಂಡ್ ಪ್ರಿಯಲ್ಲಿ ಸ್ಟರ್ಲಿಂಗ್ ಮಾಸ್ ಚಾಲಕನ ಬೆನ್ನಹಿಂದೆ ಎಂಜಿನ್ ಇದ್ದ ಪುಟ್ಟ ಕೂಪರ್ ಕಾರಿನಲ್ಲಿ ಗೆದ್ದರು. 1959 ಮತ್ತು 1960ರಲ್ಲಿ ಜಾಕ್ ಬ್ರಬಾಮ್ ಅಂತಹುದೇ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದರು. ಆದರೆ ಇಟಲಿಯ ಎಂಜೋ ಫೆರಾರಿ ಸುಲಭಕ್ಕೆ ಒಪ್ಪಲಿಲ್ಲ. ಎತ್ತು ಗಾಡಿಯನ್ನು ಎಳೆಯಬೇಕೇ ಹೊರತು ತಳ್ಳಬಾರದು ಎಂಬರ್ಥದ ಮಾತು ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. ಸೋತ ಮೇಲೆ ಅವರೂ ಬದಲಾದರು. 1961ರಲ್ಲಿ ಫಿಲ್ ಹಿಲ್‌ಗೆ ವಿಶ್ವ ಪಟ್ಟ ತಂದ ಫೆರಾರಿ ಕಾರಿನ ಎಂಜಿನ್ ಚಾಲಕನ ಹಿಂದೆಯೇ ಇತ್ತು.

ಗೂಳಿ ಮತ್ತು ಕುದುರೆ

ಹುಡುಗನ ಮೊಬೈಲಿನಲ್ಲಿದ್ದ ಎರಡೂ ಕಾರುಗಳು ಹುಟ್ಟಿದ್ದು ಇದರ ಬೆನ್ನಿಗೆ. ಎರಡರ ತವರೂ ಉತ್ತರ ಇಟಲಿಯ ಬಯಲು ಸೀಮೆ. ಫೆರಾರಿಯ ಮರನೆಲ್ಲೋ ಮತ್ತು ಲ್ಯಾಂಬೋರ್ಗಿನಿಯ ಸಾಂತ್ ಅಗಾತ ಈ ಎರಡು ಊರುಗಳ ನಡುವಿನ ದೂರ ಹೆಚ್ಚೂಕಡಿಮೆ ಗಜೇಂದ್ರಗಡದಿಂದ ರೋಣಕ್ಕಿರುವಷ್ಟೇ.

ಫೆರುಚ್ಚೋ ಲ್ಯಾಂಬೋರ್ಗಿನಿ ರೈತನ ಮಗ. ಹುಟ್ಟಿದ್ದು 1916ರಲ್ಲಿ. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯ ಬಿಟ್ಟುಹೋದ ವಾಹನಗಳ ಬಿಡಿಭಾಗಗಳನ್ನು ಕೂಡಿಸಿ ಟ್ರ್ಯಾಕ್ಟರ್ ಮಾಡಿದರು. 1948ರಲ್ಲಿ ಟ್ರ್ಯಾಕ್ಟರ್ ಕಂಪನಿಯನ್ನೇ ತೆರೆದು ಶ್ರೀಮಂತರಾದರು. ತಾವು ಕೊಂಡ ಫೆರಾರಿ ಕಾರಿನ ಕ್ಲಚ್ ಸರಿಯಿಲ್ಲವೆಂದು ದೂರು ಒಯ್ದಾಗ 'ಟ್ರ್ಯಾಕ್ಟರಿನವನಿಗೆ ಕಾರು ಏನು ಗೊತ್ತು' ಎಂಬ ಧಾಟಿಯ ಉತ್ತರ ಬಂತೆಂದೂ, ಆ ಸಿಟ್ಟಿಗೆ 1963ರಲ್ಲಿ ಕಾರಿನ ಕಾರ್ಖಾನೆ ಹಾಕಿದರೆಂದೂ ಒಂದು ಕಥೆ ಇದೆ. ಅವರ ಲಾಂಛನ ಗೂಳಿ. ಫೆರಾರಿಯದು ಮುಂಗಾಲೆತ್ತಿದ ಕುದುರೆ.

ಮಿಯೂರಾ ಎಂಬುದು ಕಾಳಗದ ಗೂಳಿಗಳನ್ನು ಸಾಕುತ್ತಿದ್ದ ಸ್ಪೇನಿನ ಮನೆತನದ ಹೆಸರು. ಈ ಕಾರನ್ನು ರೂಪಿಸಿದವರು ಜಾನ್ ಪಾವ್ಲೋ ದಲ್ಲಾರಾ ಮತ್ತು ಪಾವ್ಲೋ ಸ್ಟಾಂಜಾನಿ ಎಂಬ ಎಂಜಿನಿಯರುಗಳು. ಹೊರಮೈ ಬರೆದವರು ಬೆರ್ತೋನೆ ಸಂಸ್ಥೆಯ ಮಾರ್ಚೆಲ್ಲೋ ಗಾಂದಿನಿ. 1966ರ ಜಿನೀವಾ ಪ್ರದರ್ಶನದಲ್ಲಿ ಕಾರು ಕಾಣಿಸಿಕೊಂಡಾಗ ಈ ಮೂವರೂ ಮೂವತ್ತರೊಳಗಿನವರು. ಯಜಮಾನನಿಗೆ ಬೇಕಿದ್ದದ್ದು ನೆಮ್ಮದಿಯಾಗಿ ಓಡುವ ಶ್ರೀಮಂತರ ಕಾರು. ಹುಡುಗರು ಕೆಲಸದ ವೇಳೆ ಮುಗಿದ ಮೇಲೆ ಕುಳಿತು ತಮ್ಮ ಕನಸಿನ ಕಾರಿನ ನಕ್ಷೆ ಹಾಕಿದರು. ನಾಲ್ಕು ಲೀಟರಿನಷ್ಟು ದೊಡ್ಡದಾದ, ಹನ್ನೆರಡು ಸಿಲಿಂಡರಿನ ಎಂಜಿನನ್ನು ಉದ್ದಕ್ಕೆ ಇಡುವ ಬದಲು ಚಾಲಕನ ಬೆನ್ನಿಗೆ ಅಡ್ಡಲಾಗಿ ಮಲಗಿಸಿದರು. ಗೇರ್ ಪೆಟ್ಟಿಗೆಯನ್ನೂ ಅದರೊಂದಿಗೇ ಕೂಡಿಸಿದರು. ಈ ಉಪಾಯ ಹೊಳೆದದ್ದು ಇಂಗ್ಲೆಂಡಿನ ಬಡವರ ಕಾರು ಮಿನಿಯಿಂದ ಎಂಬುದು ಗಮನಿಸಬೇಕಾದ ಸಂಗತಿ. ದೊಡ್ಡ ಕಾರು ಚಿಕ್ಕ ಕಾರಿನಿಂದ ಪಾಠ ಕಲಿಯಿತು.

ಡೀನೋದ ಹಿಂದಿರುವುದು ಸಿಟ್ಟಲ್ಲ, ದುಃಖ. ಎಂಜೋ ಫೆರಾರಿಯ ಮಗ ಅಲ್ಫ್ರೆಡೋನನ್ನು ಮನೆಯವರು ಡೀನೋ ಎಂದು ಕರೆಯುತ್ತಿದ್ದರು. ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿಂದ 1956ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಾಸಿಗೆ ಹಿಡಿದಾಗಲೂ ಹಿರಿಯ ಎಂಜಿನಿಯರ್ ವಿತ್ತೋರಿಯೋ ಯಾನೋ ಅವರೊಂದಿಗೆ ಆರು ಸಿಲಿಂಡರಿನ ಚಿಕ್ಕ ಎಂಜಿನ್ ಬಗ್ಗೆ ಚರ್ಚಿಸುತ್ತಿದ್ದನಂತೆ. ಮುಂದೆ ಆ ಬಗೆಯ ಎಂಜಿನುಗಳಿಗೆ, ಅನಂತರ ಅವನ್ನು ಹೊತ್ತ ಕಾರಿಗೆ ತಂದೆ ಮಗನ ಹೆಸರನ್ನೇ ಇಟ್ಟ. 1968ರಲ್ಲಿ ಎರಡು ಲೀಟರಿನ ಡೀನೋ 206, 1969ರಲ್ಲಿ 2.4 ಲೀಟರಿನ ಡೀನೋ 246 ಬಂದವು. ಪಿನಿನ್‌ಫರೀನಾ ಬಿಡಿಸಿದ ಅದರ ಮೈ ನೀರಿನಲ್ಲಿ ತೊಳೆದ ಹೊಳೆಗಲ್ಲಿನಂತೆ ನುಣುಪು. ಮೊದಮೊದಲು ಆ ಕಾರಿನ ಮೇಲೆ ಫೆರಾರಿ ಎಂಬ ಹೆಸರಾಗಲಿ, ಕುದುರೆಯ ಮುದ್ರೆಯಾಗಲಿ ಇರಲಿಲ್ಲ. ಮಗನ ಹೆಸರು ಮಾತ್ರ ಇತ್ತು.

ರೋಣದ ನಿಲ್ದಾಣದಲ್ಲಿ

ರೋಣದಲ್ಲಿ ಬಸ್ಸು ಬದಲಿಸಬೇಕು. ದ್ರೋಣಪುರವೇ ರೋಣವಾಯಿತೆಂದು ಊರವರು ಹೇಳುತ್ತಾರೆ. ಆದರೆ ಇಂದು ರೋಣದ ಹೆಸರು ದೇಶಕ್ಕೆಲ್ಲ ಗೊತ್ತಿರುವುದು ಇನ್ನೊಬ್ಬರಿಂದ. ಪಂಡಿತ್ ಭೀಮಸೇನ ಜೋಶಿ ಅವರು 1922ರ ಫೆಬ್ರುವರಿ 4ರಂದು ಹುಟ್ಟಿದ್ದು ಈ ಊರಿನಲ್ಲಿ. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಬಾಲಕ ಭೀಮಸೇನ ಮೆರವಣಿಗೆಯ ವಾದ್ಯದವರ ಹಿಂದೆ ಹೋಗಿ, ಹಾಡು ಕೇಳುತ್ತ ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದನಂತೆ. ಹುಡುಕಿ ಬೇಸತ್ತ ತಂದೆ ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದರಂತೆ, ಕಂಡವರು ಮನೆಗೆ ತಂದು ಬಿಡಲಿ ಎಂದು. ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟ ಆ ಹುಡುಗನಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಸಂಗೀತ ಬಿಟ್ಟರೆ ಅವರಿಗೆ ಅತ್ಯಂತ ಪ್ರಿಯವಾಗಿದ್ದುದು ಕಾರು. ದೂರದ ಊರಿನ ಕಛೇರಿಗಳಿಗೆ ತಾವೇ ಕಾರು ನಡೆಸಿಕೊಂಡು ಹೋಗುತ್ತಿದ್ದರು. ಓಡಿಸುವುದಷ್ಟೇ ಅಲ್ಲ, ಎಂಜಿನ್ನಿನ ಒಳಗುಟ್ಟೂ ಅವರಿಗೆ ಚೆನ್ನಾಗಿ ತಿಳಿದಿತ್ತು. 2011ರಲ್ಲಿ ಅವರು ಪುಣೆಯಲ್ಲಿ ನಿಧನರಾದಾಗ ಬಂದ ಲೇಖನಗಳಲ್ಲಿ ಈ ಹವ್ಯಾಸದ ಪ್ರಸ್ತಾಪವೂ ಇತ್ತು. ರೋಣದ ಮಣ್ಣಿಗೂ ಮೋಟಾರಿನ ಮೋಹಕ್ಕೂ ನಂಟಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಮಕ್ಕಳ ಕಾರಿನ ಹುಚ್ಚು ಕಂಡು ಗಾಬರಿಯಾಗುವ ತಂದೆತಾಯಿಗಳು ಇಲ್ಲಿ ಕ್ಷಣ ನಿಲ್ಲಬಹುದು. ಹುಚ್ಚು ಇರುವುದು ತಪ್ಪಲ್ಲ. ಅದು ಚಿತ್ರ ನೋಡುವಲ್ಲಿಗೇ ನಿಂತಿತೋ, ಒಳಗಿನ ಯಂತ್ರ ತಿಳಿಯುವವರೆಗೆ ಹೋಯಿತೋ ಎಂಬುದು ಮುಖ್ಯ.

ಸಂಗ್ರಾಹಕನ ತಕ್ಕಡಿ

ಮಿಯೂರಾ 1973ರವರೆಗೆ, ಡೀನೋ 246 ಮಾದರಿ 1974ರವರೆಗೆ ತಯಾರಾದವು. ಈಗ ಎರಡೂ ಐವತ್ತು ದಾಟಿದ ಮುದುಕರು. ಹಳೆಯ ಕಾರು ಸಂಗ್ರಹಿಸುವವರು ಇವನ್ನು ಹೇಗೆ ತೂಗುತ್ತಾರೆ?

ಮೊದಲನೆಯದು ಎಣಿಕೆ. ಮಿಯೂರಾ ತಯಾರಾದದ್ದು ಏಳೂವರೆ ನೂರಕ್ಕಿಂತ ತುಸು ಹೆಚ್ಚು. ಡೀನೋ 246 ಮೂರೂವರೆ ಸಾವಿರದಷ್ಟು. ಅಪರೂಪದ್ದಕ್ಕೆ ಬೆಲೆ ಹೆಚ್ಚು. ಒಳ್ಳೆಯ ಮಿಯೂರಾ ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಡೀನೋ ಅದಕ್ಕಿಂತ ಬಹಳ ಕೆಳಗೆ. ಹನ್ನೆರಡು ಸಿಲಿಂಡರ್ ಇಲ್ಲದ್ದು ಫೆರಾರಿಯೇ ಅಲ್ಲ ಎಂದು ಬಹಳ ಕಾಲ ಡೀನೋವನ್ನು ಮೂಲೆಗಿಟ್ಟವರೂ ಇದ್ದರು. ಆದರೆ ಇದೇ ಡೀನೋ ಎಂಜಿನ್ ಹೊತ್ತ ಲಾಂಚಿಯಾ ಸ್ಟ್ರಾಟೋಸ್ 1974, 1975, 1976 ಮೂರೂ ವರ್ಷ ವಿಶ್ವ ರ‍್ಯಾಲಿಯ ಪಟ್ಟ ಗೆದ್ದಿತು!

ಎರಡನೆಯದು ಗುಣದೋಷ. ಮಿಯೂರಾದ ಶಕ್ತಿ ಮೊದಲ ಮಾದರಿಯಲ್ಲೇ 350 ಅಶ್ವಶಕ್ತಿ. ಡೀನೋ 246ಕ್ಕೆ 195. ವೇಗದಲ್ಲಿ ಗೂಳಿಯೇ ಮುಂದು. ಆದರೆ ಮಿಯೂರಾದ ಪೆಟ್ರೋಲ್ ಟ್ಯಾಂಕು ಇರುವುದು ಮುಂಭಾಗದಲ್ಲಿ. ಪೆಟ್ರೋಲ್ ಕರಗಿದಂತೆ ಮೂಗು ಹಗುರಾಗುತ್ತದೆ. ಅತಿ ವೇಗದಲ್ಲಿ ಗಾಳಿ ಆ ಮೂಗನ್ನು ಮೇಲೆತ್ತಲು ನೋಡುತ್ತದೆ, ಸ್ಟೀರಿಂಗ್ ಹಿಡಿತ ಸಡಿಲವಾಗುತ್ತದೆ. ನಮ್ಮ ಚಕ್ಕಡಿಯ ಭಾಷೆಯಲ್ಲಿ ಹೇಳುವುದಾದರೆ, ಕಾರು ಹಿಂಭಾರವಾಗುತ್ತದೆ! ಹಾಗೆಯೇ ಮೊದಲ ಮಿಯೂರಾಗಳಲ್ಲಿ ಎಂಜಿನ್ ಮತ್ತು ಗೇರಿಗೆ ಒಂದೇ ಎಣ್ಣೆ. ಗೇರಿನ ಹಲ್ಲಿನಿಂದ ಸವೆದ ಲೋಹದ ಚೂರು ಎಂಜಿನ್ನಿಗೂ ಹೋಗುವ ಭಯ. ಕೊನೆಯ ಮಾದರಿಯಲ್ಲಿ ಎರಡನ್ನೂ ಬೇರೆ ಮಾಡಿದರು.

ಡೀನೋ ಅಷ್ಟು ವೇಗಿಯಲ್ಲ, ಆದರೆ ಹೇಳಿದ ಮಾತು ಕೇಳುತ್ತದೆ. ತಿರುವಿನಲ್ಲಿ ಅದು ಸಾಗುವ ಹದವನ್ನು ಓಡಿಸಿದವರು ಇಂದಿಗೂ ಕೊಂಡಾಡುತ್ತಾರೆ. ಅದರ ಶತ್ರು ತುಕ್ಕು. 206ರ ಮೈ ಅಲ್ಯೂಮಿನಿಯಂ ಇದ್ದರೆ 246ರದು ಉಕ್ಕು. ಹೊಳೆಯುವ ಬಣ್ಣದ ಕೆಳಗೆ ಏನಿದೆ ಎಂದು ನೋಡದೆ ಕೊಂಡವನಿಗೆ ಅಗ್ಗವೇ ದುಬಾರಿಯಾಗುತ್ತದೆ.

ನಡು-ಎಂಜಿನ್ ಎಂದಾಕ್ಷಣ ಎಲ್ಲವೂ ಲಾಭವೆಂದು ತಿಳಿಯಬಾರದು. ಥಟ್ಟನೆ ತಿರುಗುವ ವಸ್ತು ಥಟ್ಟನೆ ಗಿರಕಿಯನ್ನೂ ಹೊಡೆಯುತ್ತದೆ. ತಿರುವಿನ ನಡುವೆ ಹೆದರಿ ಕಾಲು ತೆಗೆದರೆ ಹಿಂಬದಿ ಮುಂದಕ್ಕೆ ಬಂದೀತು. ಕಿವಿಯ ಹಿಂದೆಯೇ ಎಂಜಿನ್ನಿನ ಗದ್ದಲ, ಬೆನ್ನಿಗೆ ಕಾವು, ಸಾಮಾನಿಗೆ ಜಾಗವಿಲ್ಲ. ಸಂಸಾರಸ್ಥರ ಕಾರುಗಳಲ್ಲಿ ಎಂಜಿನ್ ಮುಂದೆಯೇ ಉಳಿದದ್ದು ಸುಮ್ಮನೆ ಅಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮೂಲತನ. ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆ, ಎಂಜಿನ್ನಿನ ಸಂಖ್ಯೆ ಕಾರ್ಖಾನೆಯ ದಾಖಲೆಗೆ ಹೊಂದಬೇಕು. ಎಂಜಿನ್ ಬದಲಾಗಿದ್ದರೆ ಕಾರು ಎಷ್ಟೇ ಚೆನ್ನಾಗಿ ಓಡಲಿ, ಸಂಗ್ರಾಹಕರ ಕಣ್ಣಲ್ಲಿ ಅದರ ಬೆಲೆ ಇಳಿಯುತ್ತದೆ. ಭಾರತದಲ್ಲಿಯೂ 2021ರಲ್ಲಿ ಬಂದ ಕೇಂದ್ರದ ನಿಯಮ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು ಅವಕಾಶ ಕೊಟ್ಟಿದೆ. ಅವಕ್ಕೆ 'ವಿಎ' ಅಕ್ಷರಗಳಿರುವ ಸಂಖ್ಯೆ. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಹಳೆಯ ಕಾರುಗಳನ್ನು ಕಣ್ಣಾರೆ ಕಾಣಬೇಕೆನ್ನುವ ಮಕ್ಕಳಿಗೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವಿದೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ 'ಪಯಣ' ಸಂಗ್ರಹಾಲಯವಿದೆ. ಶಾಲಾ ಪ್ರವಾಸದ ಪಟ್ಟಿಯಲ್ಲಿ ಇವನ್ನೂ ಸೇರಿಸಬಹುದು.

ಹಾಗಾದರೆ ಗೆದ್ದವರಾರು? ಚರಿತ್ರೆಯ ತಿರುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೆನ್ನುವವನಿಗೆ ಮಿಯೂರಾ. ಭಾನುವಾರ ಬೆಳಿಗ್ಗೆ ತಾನೇ ಓಡಿಸಿ ಸುಖಪಡಬೇಕೆನ್ನುವವನಿಗೆ ಡೀನೋ. ತರಗತಿಯ ಜಗಳಕ್ಕೆ ಇದಕ್ಕಿಂತ ನ್ಯಾಯವಾದ ತೀರ್ಪು ಕಷ್ಟ.

ಟಂಟಂನ ತ್ರಿಕೋನ

ರೋಣ ದಾಟಿದ ಮೇಲೆ ರಸ್ತೆ ಎರೆಹೊಲಗಳ ನಡುವೆ ಓಡುತ್ತದೆ. ಎದುರಿಗೆ ಬರುವ ಟಂಟಂಗಳಲ್ಲಿ ಕೂಲಿಗೆ ಹೊರಟ ಹೆಣ್ಣುಮಕ್ಕಳು, ಶಾಲೆಯ ಚೀಲಗಳು. ಚಾಲಕನ ಎರಡೂ ಬದಿಗೆ ಒಬ್ಬೊಬ್ಬರು. ಹಿಂದೆ ಜೋತುಬಿದ್ದವರು, ಕೆಲವೊಮ್ಮೆ ಮೇಲೂ ಕುಳಿತವರು.

ಕೋಟಿ ಬೆಲೆಯ ಕಾರಿಗೆ ಅನ್ವಯಿಸುವ ನಿಯಮವೇ ಇದಕ್ಕೂ ಅನ್ವಯಿಸುತ್ತದೆ. ಮೂರು ಗಾಲಿಗಳು ನೆಲದ ಮೇಲೆ ಒಂದು ತ್ರಿಕೋನ ಬರೆಯುತ್ತವೆ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಗೆರೆ ಆ ತ್ರಿಕೋನದೊಳಗೆ ಇರುವವರೆಗೆ ವಾಹನ ಕ್ಷೇಮ. ತ್ರಿಕೋನ ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ. ಆದ್ದರಿಂದ ಚಾಲಕನ ಪಕ್ಕ ಕೂರುವ ಪ್ರತಿಯೊಬ್ಬರೂ ಭಾರವನ್ನು ಕಿರಿದಾದ ತುದಿಯ ಕಡೆಗೆ ಒಯ್ಯುತ್ತಾರೆ. ಮೇಲೆ ಕುಳಿತವರು ಗುರುತ್ವಕೇಂದ್ರವನ್ನು ಎತ್ತರಿಸುತ್ತಾರೆ. ಆಗ ಒಂದು ಚಿಕ್ಕ ತಿರುವು, ಒಂದು ಗುಂಡಿ ಸಾಕು. ಬೆಳೆ ಸುಗ್ಗಿಯ ದಿನಗಳಲ್ಲಿ ವಾಹನ ಮಗುಚಿದ ಸುದ್ದಿಗಳ ಹಿಂದೆ ಅನೇಕ ಸಲ ಇರುವುದು ಇದೇ ತ್ರಿಕೋನ.

ಸಾವಿರಾರು ಮೈಲಿ ದೂರದ ಕಾರಿನ ಅಶ್ವಶಕ್ತಿಯನ್ನು ಬಾಯಿಪಾಠ ಮಾಡಿದ ಹುಡುಗ ನಾಳೆ ತಾನು ಹತ್ತುವ ಟಂಟಂನಲ್ಲಿ "ಮುಂದ ಕೂಡೂದಿಲ್ಲರಿ, ಮುಂದಿನ ಗಾಡಿಗೆ ಬರ್ತೀನಿ" ಎಂದು ಹೇಳಿದರೆ ಅವನು ಓದಿದ್ದು ಸಾರ್ಥಕ. ಮಕ್ಕಳನ್ನು ಹತ್ತಿಸುವ ತಂದೆತಾಯಿಗಳೂ ತಲೆ ಎಣಿಸಬೇಕು.

ಬೇವಿನ ನೆರಳಿನ ಚಕ್ಕಡಿ

ನರಗುಂದದ ಗುಡ್ಡ ದೂರದಿಂದಲೇ ಕಾಣುತ್ತದೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಲಾರಿಗಳು ಅದರ ಮಗ್ಗುಲಲ್ಲೇ ಹಾಯುತ್ತವೆ. 1980ರ ಜುಲೈ 21ರಂದು ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಚಳವಳಿ ನಾಡನ್ನೇ ನಡುಗಿಸಿದ್ದು ಈ ಊರಿನಿಂದ. ಅಂದು ಹಳ್ಳಿಗಳ ಅಂಗಳದಲ್ಲಿ ಚಕ್ಕಡಿ ಸಾಮಾನ್ಯ ದೃಶ್ಯ. ಇಂದು ಆ ಜಾಗದಲ್ಲಿ ಟ್ರ್ಯಾಕ್ಟರುಗಳು ನಿಂತಿವೆ.

ಅಜ್ಜನ ಮನೆಯ ಹಿತ್ತಿಲಿನಲ್ಲಿ, ಬೇವಿನ ಮರದ ಕೆಳಗೆ ಚಕ್ಕಡಿ ಮೂಕಿ ಊರಿ ನಿಂತಿದೆ. ಗಾಲಿ ಕೊಳ್ಳುವವನು ಆಗಲೇ ಬಂದಿದ್ದಾನೆ. ಅವನಿಗೆ ಬೇಕಾದ್ದು ಎರಡು ಗಾಲಿ ಮಾತ್ರ. ಉಳಿದದ್ದು ಉರುವಲಿಗಾದೀತು ಎನ್ನುತ್ತಾನೆ.

ಹುಡುಗ ಬಗ್ಗಿ ಗಾಲಿಯ ಕಬ್ಬಿಣದ ಹಳಿಯನ್ನು ಮುಟ್ಟಿ ನೋಡುತ್ತಾನೆ. ಕೀಲಿಲ್ಲ, ಅಂಟಿಲ್ಲ. ಇದು ಹೇಗೆ ಕೂತಿದೆ? ಅಜ್ಜ ಹೇಳುತ್ತಾನೆ. ಬಡಿಗ ಗಾಲಿ ಕೂಡಿಸುತ್ತಿದ್ದ. ಕಂಬಾರ ಅದಕ್ಕಿಂತ ಕೂದಲೆಳೆ ಚಿಕ್ಕದಾದ ಹಳಿ ಮಾಡುತ್ತಿದ್ದ. ಹಳಿಯನ್ನು ಕುಳ್ಳು ಕಟ್ಟಿಗೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಮಂದಿ ಇಕ್ಕಳದಿಂದ ಹಿಡಿದು ಗಾಲಿಗೆ ತೊಡಿಸಿ, ಕೂಡಲೇ ನೀರು ಹೊಯ್ಯುತ್ತಿದ್ದರು. ಹುಡುಗನಿಗೆ ಪಾಠ ನೆನಪಾಗುತ್ತದೆ: ಕಾದ ಲೋಹ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. 1.4 ಮೀಟರ್ ವ್ಯಾಸದ ಹಳಿಯ ಶಾಖವನ್ನು 400 ಡಿಗ್ರಿಯಷ್ಟು ಏರಿಸಿದರೆ ವ್ಯಾಸ 6–7 ಮಿಲಿಮೀಟರ್ ಹಿಗ್ಗುತ್ತದೆ. ತಣಿದಾಗ ಅಷ್ಟೂ ಬಿಗಿತ ಮರದ ಮೇಲೆ. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿದ್ದ ಚಕ್ಕಡಿಯ ಗಾಲಿ ಈಗ ಕಣ್ಣೆದುರಿಗಿದೆ.

"ಅಜ್ಜಾ, ಬರೇ ಗಾಲಿ ಕೊಟ್ರ ಇದು ಗಾಡಿ ಅಲ್ಲ" ಎನ್ನುತ್ತಾನೆ ಹುಡುಗ. "ಆ ಕಾರಿಗೂ ಹಂಗ. ಅದರ ಎಂಜಿನ್ ಅದರಾಗ ಇದ್ರನ ಬೆಲಿ."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಹಣದ ಅಗತ್ಯ ಆ ಮನೆಗೂ ಇದೆ. ಕೊನೆಗೆ ಬಂದವನ ಕಡೆ ತಿರುಗಿ, "ಒಯ್ಯೂದಾದ್ರ ಪೂರ್ತಿ ಗಾಡಿ ಒಯ್ರಿ. ಹುಡುಗರು ನೋಡೂವಂಥಾ ಜಾಗಾದಾಗ ಇಡ್ರಿ. ಗಾಲಿ ಬಿಚ್ಚಿ ಕೊಡೂದಿಲ್ಲ" ಎನ್ನುತ್ತಾನೆ. ಬಂದವನು ಯೋಚಿಸಿ ಹೇಳುತ್ತೇನೆಂದು ಹೊರಡುತ್ತಾನೆ.

ಈ ಸೀಮೆಯಲ್ಲಿ ಯಾರೂ ಮಿಯೂರಾ ಕೊಳ್ಳುವುದಿಲ್ಲ, ಡೀನೋ ಕೊಳ್ಳುವುದಿಲ್ಲ. ಅವನ್ನು ಕಾಯಲು ಬೇರೆಯವರಿದ್ದಾರೆ. ಪ್ರತಿಯೊಂದು ತಿರುಪಿಗೂ ದಾಖಲೆಯಿದೆ. ಚಕ್ಕಡಿಗೆ ಕಾರ್ಖಾನೆಯ ದಾಖಲೆಯಿಲ್ಲ. ಅದನ್ನು ಕಟ್ಟಬಲ್ಲ ಬಡಿಗರೂ ಹಳಿ ಏರಿಸಬಲ್ಲ ಕಂಬಾರರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಒಂದೊಂದು ಶಾಲೆ ಒಂದೊಂದು ಚಕ್ಕಡಿಯನ್ನು ಪೂರ್ತಿಯಾಗಿ ಉಳಿಸಿಕೊಂಡರೂ ಸನ್ನೆ, ಗುರುತ್ವಕೇಂದ್ರ, ಲೋಹದ ಹಿಗ್ಗುವಿಕೆ ಮೂರೂ ಪಾಠಗಳಿಗೆ ಬೇರೆ ಉಪಕರಣ ಬೇಕಾಗದು.

ಸಂಜೆ ಹುಡುಗ ನೋಟುಬುಕ್ಕು ತೆಗೆಯುತ್ತಾನೆ. ಎಡಗಡೆಯ ಪುಟದಲ್ಲಿ ಅವನು ಮೊದಲೇ ಬರೆದ ಮಿಯೂರಾದ ಚಿತ್ರವಿದೆ. ಬಲಗಡೆಯ ಖಾಲಿ ಪುಟದಲ್ಲಿ ಚಕ್ಕಡಿಯ ಚಿತ್ರ ಬರೆಯತೊಡಗುತ್ತಾನೆ. ಅಜ್ಜ ಪಕ್ಕದಲ್ಲಿ ಕುಳಿತು ಒಂದೊಂದೇ ಹೆಸರು ಹೇಳುತ್ತಾನೆ: ನೊಗ, ಮೂಕಿ, ಅಚ್ಚು, ಗಾಲಿ, ಅರ, ಹಳಿ, ಕೀಲು. ಹುಡುಗ ಅಚ್ಚಿನ ಮೇಲೆ ಒಂದು ಚುಕ್ಕೆ ಇಟ್ಟು, 'ಭಾರ ಇಲ್ಲಿ' ಎಂದು ಬರೆಯುತ್ತಾನೆ.